ಕೇಂದ್ರಕ್ಕೆ ಬೇಡವಾದ ಮಿಡಿಸೌತೆ ಮನೆಯ ಜಾಡಿಗೆ ಬರಲಿ

ಮಿಡಿಸೌತೆ ಬೆಳೆಯುವ ರೈತ ಬಾಂಧವರಿಗೆ ಸಂಗ್ರಹಣಾ ಕೇಂದ್ರದ ಮುಂದೆ ಬೀಳುವ ಒಂದು ರಾಶಿ ಚೆನ್ನಾಗಿ ಪರಿಚಿತವಾದದ್ದು. ಬೆಳಿಗ್ಗೆ ಕೊಯ್ದು ತಂದ ಕಾಯನ್ನು ಅಲ್ಲಿ ದರ್ಜೆವಾರು ಬೇರ್ಪಡಿಸಿ ತೂಗುತ್ತಾರೆ. ಕಿಲೋಗ್ರಾಮಿಗೆ ಹೆಚ್ಚು ಸಂಖ್ಯೆಯಲ್ಲಿ ತೂಗುವ ಎಳೆಯ ಮಿಡಿಗೆ ಹೆಚ್ಚಿನ ಬೆಲೆ. ಕಾಯಿ ದಪ್ಪವಾದಂತೆ ಬೆಲೆ ಇಳಿಯುತ್ತದೆ. ಕೊನೆಗೆ ಒಂದು ಗಾತ್ರ ಮೀರಿದ ಕಾಯಿಗೆ ಬೆಲೆಯೇ ಇಲ್ಲ. ಒಂದು ದಿನ ಕೊಯ್ಲಿಗೆ ಆಳು ಸಿಗಲಿಲ್ಲವೆಂದರೆ, ಎಲೆಯ ಮರೆಯಲ್ಲಿದ್ದ ನಾಲ್ಕು ಕಾಯಿ ಕಣ್ಣು ತಪ್ಪಿತೆಂದರೆ, ಮರುದಿನ ಅವು ಆ ರಾಶಿಗೇ ಹೋಗಬೇಕು. ಸಂಜೆಯ ಹೊತ್ತಿಗೆ ಆ ರಾಶಿ ದನದ ಮುಂದೆ ಅಥವಾ ತಿಪ್ಪೆಯ ಮೇಲೆ ಇರುತ್ತದೆ.

ಅಮೃತಾಪುರದ ಸುತ್ತಿನ ನಮ್ಮ ಭಾಗದಲ್ಲಿ ಅಡಿಕೆ ತೆಂಗುಗಳೇ ಮುಖ್ಯ. ಆದರೂ ಕೊಳವೆ ಬಾವಿಯ ನೀರನ್ನು ನಂಬಿ, ಮೂರು ತಿಂಗಳಲ್ಲಿ ಕೈಗೆ ಹಣ ಬರುವ ಬೆಳೆಯೆಂದು ನಾನೂ ಅರ್ಧ ಎಕರೆಯಲ್ಲಿ ಮಿಡಿಸೌತೆ ಹಾಕಿದವನು. ಆ ರಾಶಿಯನ್ನು ಕಂಡು ಹೊಟ್ಟೆ ಉರಿಸಿಕೊಂಡವನು. ಈಗ ಮೂರು ಬೆಳೆ ತೆಗೆದ ಮೇಲೆ ನನಗೆ ಅನಿಸಿರುವುದನ್ನು ಇಲ್ಲಿ ಹೇಳಬಯಸುತ್ತೇನೆ. ಗಾತ್ರ ಮೀರಿತೆಂದು ತಿರಸ್ಕೃತವಾದ ಕಾಯಿ ಕೆಟ್ಟ ಕಾಯಲ್ಲ. ಅದರಿಂದ ಕಡಿದರೆ ಕರುಮ್ಮೆನ್ನುವ ಸಿಹಿ ಉಪ್ಪಿನಕಾಯಿಯನ್ನು ರೈತನ ಮನೆಯಲ್ಲೇ ಮಾಡಬಹುದು. ಅಷ್ಟೇ ಅಲ್ಲ, ಅದನ್ನು ಚೆನ್ನಾಗಿ ಮಾಡುವ ಅನುಕೂಲ ಬೇರೆಯವರಿಗಿಂತ ಬೆಳೆಗಾರನಿಗೇ ಹೆಚ್ಚು. ಆದರೆ ಅದು ಕೈಅಂದಾಜಿನ ಕೆಲಸವಲ್ಲ, ಅಳತೆಯ ಕೆಲಸ. ಈ ಎರಡು ಮಾತುಗಳನ್ನು ಒಟ್ಟಿಗೇ ಒಪ್ಪಿಕೊಳ್ಳಬೇಕೆಂಬುದೇ ನನ್ನ ವಾದ.

ಬೆಳೆ ನಮ್ಮದು, ರುಚಿ ಯಾರದೋ

ಮಿಡಿಸೌತೆಯ ಬೇಸಾಯ ಮತ್ತು ಸಂಸ್ಕರಣೆ ನಮ್ಮ ದೇಶದಲ್ಲಿ ಮೊದಲು ಕಾಲಿಟ್ಟದ್ದು ಕರ್ನಾಟಕದಲ್ಲಿಯೇ, 1990ರ ದಶಕದ ಆರಂಭದಲ್ಲಿ. ಅಲ್ಲಿಂದ ಅದು ತಮಿಳುನಾಡು, ಆಂಧ್ರಪ್ರದೇಶ ಮತ್ತು ಈಗಿನ ತೆಲಂಗಾಣಕ್ಕೆ ಹಬ್ಬಿತು. 2020-21ನೇ ಸಾಲಿನಲ್ಲಿ ಭಾರತದಿಂದ 2,23,515 ಟನ್ ಸೌತೆ ಮತ್ತು ಮಿಡಿಸೌತೆ ರಫ್ತಾಯಿತು. ಅದರ ಮೌಲ್ಯ 22.3 ಕೋಟಿ ಡಾಲರ್. ಸುಮಾರು 65,000 ಎಕರೆಯಲ್ಲಿ ಸುಮಾರು 90,000 ಮಂದಿ ಸಣ್ಣ ಮತ್ತು ಅತಿಸಣ್ಣ ರೈತರು ಒಪ್ಪಂದದ ಮೇಲೆ ಇದನ್ನು ಬೆಳೆಯುತ್ತಾರೆಂದೂ, 90 ದಿನಗಳ ಬೆಳೆಯಲ್ಲಿ ಎಕರೆಗೆ ಸರಾಸರಿ 4 ಟನ್ ಇಳುವರಿಯಿಂದ ಸುಮಾರು 80,000 ರೂಪಾಯಿ ಬಂದು, ಖರ್ಚು ಕಳೆದು 40,000 ರೂಪಾಯಿ ಉಳಿಯುತ್ತದೆಂದೂ ಕೇಂದ್ರ ವಾಣಿಜ್ಯ ಸಚಿವಾಲಯವು 2022ರ ಜನವರಿಯಲ್ಲಿ ತಿಳಿಸಿತ್ತು.

ಇದು ಸಣ್ಣ ಸಾಧನೆಯೇನಲ್ಲ. ಆದರೆ ಇದೇ ಹೇಳಿಕೆಯಲ್ಲಿ ಇನ್ನೊಂದು ಮಾತೂ ಇತ್ತು. ನೇರವಾಗಿ ತಿನ್ನಲು ಸಿದ್ಧವಾದ ಬಾಟಲಿಗಳಲ್ಲಿಯೂ ರಫ್ತು ನಡೆಯುತ್ತದೆ. ಆದರೂ ದೊಡ್ಡ ಪೀಪಾಯಿಗಳಲ್ಲಿ ಸಗಟಾಗಿ ಹೋಗುವ ಪಾಲು ಇನ್ನೂ ಹೆಚ್ಚು. ಪೀಪಾಯಿಯಲ್ಲಿ ಹೋದದ್ದು ಸಮುದ್ರದಾಚೆ ಸಿಹಿಯೋ ಹುಳಿಯೋ ಆಗಿ, ಚಂದದ ಚೀಟಿ ಅಂಟಿಸಿಕೊಂಡು ಅಲ್ಲಿಯ ಅಂಗಡಿಯ ಗೂಡಿನಲ್ಲಿ ಕೂರುತ್ತದೆ. ಬೆಳೆದ ನಾವು ಅದರ ರುಚಿ ಎಂಥದೆಂದು ನೋಡಿಲ್ಲ. ರಾಗಿ ಬೆಳೆದವನಿಗೆ ಮುದ್ದೆಯ ರುಚಿ ಗೊತ್ತು, ಅಡಿಕೆ ಬೆಳೆದವನಿಗೆ ತಾಂಬೂಲದ ರುಚಿ ಗೊತ್ತು. ಮಿಡಿಸೌತೆ ಬೆಳೆದವನಿಗೆ ಮಾತ್ರ ತಾನು ಬೆಳೆದದ್ದರ ಕೊನೆಯ ರುಚಿ ಗೊತ್ತಿಲ್ಲ. ರುಚಿ ಗೊತ್ತಿಲ್ಲದವನಿಗೆ ಗುಣದ ಬೆಲೆಯೂ ಗೊತ್ತಾಗುವುದಿಲ್ಲ. ಕಾಯಿ ಏಕೆ ಇಷ್ಟೇ ಹೊತ್ತಿಗೆ ಕೇಂದ್ರ ಮುಟ್ಟಬೇಕು, ಏಕೆ ನೆರಳಲ್ಲಿಡಬೇಕು ಎಂಬ ಸೂಚನೆಗಳೆಲ್ಲ ಅವನಿಗೆ ಬರಿಯ ಕಿರುಕುಳವಾಗಿ ಕಾಣುತ್ತವೆ. ನನಗೂ ಹಾಗೆಯೇ ಕಂಡಿತ್ತು.

ಮೊದಲ ವರ್ಷ ನಾವು ಕಲಿತದ್ದು

ಮೊದಲ ಬೆಳೆಯಲ್ಲಿ ಒಂದು ದಿನ ಗಾತ್ರ ಮೀರಿದ ಕಾಯನ್ನು ಕೇಂದ್ರದಿಂದ ವಾಪಸು ತಂದು, ಸಿಹಿ ಉಪ್ಪಿನಕಾಯಿ ಮಾಡಿ ನೋಡೋಣವೆಂದು ಮನೆಯಲ್ಲಿ ಹೇಳಿದೆ. ಕಾಯಿ ಆ ದಿನವೆಲ್ಲ ಪ್ಲಾಸ್ಟಿಕ್ ಚೀಲದಲ್ಲಿತ್ತು. ರಾತ್ರಿಯೂ ಅದರಲ್ಲಿಯೇ ಕಳೆಯಿತು. ಮರುದಿನ ಮಧ್ಯಾಹ್ನ ಹೆಚ್ಚಿ, ಸಕ್ಕರೆ ವಿನೆಗರ್ ಹಾಕಿ, ಚೆನ್ನಾಗಿ ಬೇಯಲೆಂದು ಕುದಿಸಿ ಜಾಡಿಗೆ ತುಂಬಿದರು. ಹದಿನೈದು ದಿನ ಬಿಟ್ಟು ತೆಗೆದು ನೋಡಿದರೆ ಬಿಲ್ಲೆಗಳು ಬೆಂದ ಸೋರೆಕಾಯಿಯಂತೆ ಮೆತ್ತಗಾಗಿದ್ದವು. ನಾನು ಅಡುಗೆಮನೆಯ ಕಡೆ ಬೆರಳು ತೋರಿಸಿದೆ. ಆಗ ನಮ್ಮ ತಾಯಿಯವರು ಹೇಳಿದ ಮಾತು ಇದು:

"ಮಾವಿನ ಮಿಡೀನ ನೆಲಕ್ಕೆ ಉದುರಿಸಿದ್ರೆ ಉಪ್ಪಿನಕಾಯಿ ಮೆತ್ತಗಾಗುತ್ತೆ ಅಂತ ಊರಿಗೆಲ್ಲ ಗೊತ್ತು. ಸೌತೆ ಮಿಡೀನ ಮಾತ್ರ ಚೀಲಕ್ಕೆ ತುಂಬಿ ಬಿಸಿಲಲ್ಲಿ ಕುಕ್ಕಿ, ಆಮೇಲೆ ನಮ್ಮ ಕೈಗುಣ ಸರಿಯಿಲ್ಲ ಅಂದ್ರೆ ಹೆಂಗಪ್ಪಾ?"

ನಿಜವೇ. ಮಲೆನಾಡಿನ ಕಡೆ ಅಪ್ಪೆಮಿಡಿ ಕೊಯ್ಯುವವರು ಮರ ಹತ್ತಿ, ತೊಟ್ಟು ಸಹಿತ ಕೊಯ್ದು, ಬುಟ್ಟಿಯಲ್ಲಿ ಇಳಿಸುತ್ತಾರೆ. ಬಿದ್ದು ಪೆಟ್ಟಾದ ಮಿಡಿಯನ್ನು ಭರಣಿಗೆ ಹಾಕುವುದಿಲ್ಲ. ಉಪ್ಪಿನಕಾಯಿಯ ಗಟ್ಟಿತನ ಒಲೆಯ ಮುಂದೆ ಬರುವುದಲ್ಲ, ಮರದ ಮೇಲೆಯೇ ಇರುವುದು, ಅದನ್ನು ಕಳೆಯದೆ ಭರಣಿಯವರೆಗೆ ತರುವುದಷ್ಟೇ ನಮ್ಮ ಕೆಲಸ ಎಂಬುದು ಅವರಿಗೆ ತಲೆತಲಾಂತರದಿಂದ ಗೊತ್ತು. ಆ ತಿಳುವಳಿಕೆಯನ್ನು ಸೌತೆಗೂ ಅನ್ವಯಿಸಬೇಕಷ್ಟೆ.

ಗಟ್ಟಿತನ ಇರುವುದು ಹೊಲದಲ್ಲಿ

ಕಾಯಿಯ ಜೀವಕೋಶಗಳನ್ನು ಒಂದಕ್ಕೊಂದು ಗಾರೆಯಂತೆ ಹಿಡಿದಿಡುವ ಪದಾರ್ಥಕ್ಕೆ ಪೆಕ್ಟಿನ್ ಎನ್ನುತ್ತಾರೆ. ಈ ಗಾರೆ ಬಿಟ್ಟುಕೊಂಡರೆ ಕಾಯಿ ಮೆತ್ತಗಾಗುತ್ತದೆ. ಅದು ಬಿಟ್ಟುಕೊಳ್ಳಲು ಮುಖ್ಯ ಕಾರಣಗಳನ್ನು ತಿಳಿದರೆ ಉಪಾಯಗಳೂ ತಾವಾಗಿಯೇ ತಿಳಿಯುತ್ತವೆ.

ಮೊದಲನೆಯದು ಹೊತ್ತು. ಕೊಯ್ದ ಸೌತೆ ಉಸಿರಾಡುತ್ತಲೇ ಇರುತ್ತದೆ, ನೀರು ಕಳೆದುಕೊಳ್ಳುತ್ತಲೇ ಇರುತ್ತದೆ. ಕೊಯ್ದ 24 ಗಂಟೆಗಳೊಳಗೆ ಅದು ಉಪ್ಪು ಕಾಣಬೇಕು; ಅದಕ್ಕೂ ಬೇಗ ಆದಷ್ಟೂ ಉತ್ತಮ. ಬಹಳ ಹೊತ್ತು ಇಟ್ಟ ಕಾಯಿ ಒಳಗೆ ಟೊಳ್ಳಾಗುತ್ತದೆ. ತೊಳೆಯುವಾಗ ನೀರಿನ ಮೇಲೆ ತೇಲುವ ಕಾಯಿ ಸಾಮಾನ್ಯವಾಗಿ ಟೊಳ್ಳು. ಅದನ್ನು ಬೇರೆ ಮಾಡಿ ಪಲ್ಯಕ್ಕೆ ಬಳಸಿರಿ. ಪೇಟೆಯಲ್ಲಿ ಸೌತೆ ಕೊಂಡು ಉಪ್ಪಿನಕಾಯಿ ಮಾಡುವವರಿಗೆ ಆ ಕಾಯಿ ಎಂದು ಕೊಯ್ದದ್ದೆಂದೇ ತಿಳಿಯದು. ದೂರದ ಕಾರ್ಖಾನೆಗೆ ಲಾರಿಯ ದಾರಿ ಇದೆ. ಬಳ್ಳಿಯಿಂದ ಜಾಡಿಗೆ ಎರಡು ಗಂಟೆಯಲ್ಲಿ ಮುಟ್ಟಿಸಬಲ್ಲವನು ಬೆಳೆಗಾರ. ಅವನಿಗೇ ಅನುಕೂಲ ಹೆಚ್ಚೆಂದು ನಾನು ಹೇಳಿದ್ದು ಈ ಕಾರಣದಿಂದ.

ಎರಡನೆಯದು ಬಿಸಿಲು. ತಂಪು ಹೊತ್ತಿನಲ್ಲಿ ಕೊಯ್ದ ಕಾಯನ್ನು ಬುಟ್ಟಿಯಲ್ಲಿ ಅಥವಾ ಗಾಳಿಯಾಡುವ ಕ್ರೇಟಿನಲ್ಲಿ ನೆರಳಿಗೆ ಇಡಬೇಕು. ಗಾಳಿಯಾಡದ ಚೀಲದಲ್ಲಿ ಕಾಯಿಯ ಬಿಸಿಯೇ ಕಾಯನ್ನು ಕೆಡಿಸುತ್ತದೆ. ಮನೆಗೆ ತಂದೊಡನೆ ತಣ್ಣೀರಿನಲ್ಲಿ ತೊಳೆದು ಮಣ್ಣು ತೆಗೆಯಬೇಕು.

ಮೂರನೆಯದು ಹೂವಿನ ತುದಿ. ಇದು ಚಿಕ್ಕ ವಿಷಯ, ಆದರೆ ಇದರ ಪರಿಣಾಮ ದೊಡ್ಡದು. ಕಾಯಿಗೆ ಎರಡು ತುದಿ: ತೊಟ್ಟಿನ ತುದಿ ಮತ್ತು ಹೂವು ಅಂಟಿದ್ದ ತುದಿ. ಹೂವಿನ ತುದಿಯಲ್ಲಿ ಪೆಕ್ಟಿನ್ನನ್ನು ಕರಗಿಸುವ ಕಿಣ್ವಗಳಿರುತ್ತವೆ. ಆ ತುದಿಯಿಂದ ಸುಮಾರು 2 ಮಿಲಿಮೀಟರಿನಷ್ಟನ್ನು ಕತ್ತರಿಸಿ ತೆಗೆದರೆ ಇಡೀ ಜಾಡಿ ಉಳಿಯುತ್ತದೆ. ಎರಡನೆಯ ಬೆಳೆಯಲ್ಲಿ ನಾವು ಒಂದೇ ದಿನ ಕೊಯ್ದ ಕಾಯಿಂದ ಎರಡು ಬಾಟಲಿ ತುಂಬಿ, ಒಂದರ ಕಾಯಿಗೆ ಮಾತ್ರ ಹೂವಿನ ತುದಿ ತೆಗೆದಿದ್ದೆವು. ತಿಂಗಳ ಮೇಲೆ ಕಣ್ಣು ಮುಚ್ಚಿ ತಿಂದವರೂ ಯಾವುದು ಯಾವುದೆಂದು ಹೇಳಿದರು.

ನಾಲ್ಕನೆಯದು ಕಾವು. ಸುಮಾರು 85 ಡಿಗ್ರಿ ಸೆಲ್ಸಿಯಸ್ ಮೀರಿದ ಕಾವಿನಲ್ಲಿ ಹೆಚ್ಚು ಹೊತ್ತು ಇದ್ದರೆ ಪೆಕ್ಟಿನ್ ತಾನೇ ಸಡಿಲಗೊಳ್ಳುತ್ತದೆ. ಚೆನ್ನಾಗಿ ಬೇಯಲೆಂದು ಕುದಿಸಿದ್ದೇ ನಮ್ಮ ಮೊದಲ ಜಾಡಿಯ ಸೋಲಿಗೆ ಇನ್ನೊಂದು ಕಾರಣ.

ಇಷ್ಟು ಮಾಡಿದರೂ ಎಲ್ಲ ದಪ್ಪ ಕಾಯಿಯೂ ಬರುವುದಿಲ್ಲ. ಗಾತ್ರ ಮೀರಿದ್ದರೂ ಇನ್ನೂ ಹಸಿರಾಗಿ, ಬೀಜ ಎಳೆಯದಾಗಿ, 10ರಿಂದ 12 ಸೆಂಟಿಮೀಟರ್ ಉದ್ದದೊಳಗಿರುವ ಕಾಯಿ ಮಾತ್ರ ಯೋಗ್ಯ. ಹಳದಿ ತಿರುಗಿ ಬೀಜ ಗಟ್ಟಿಯಾದದ್ದನ್ನು ದನಕ್ಕೇ ಬಿಡುವುದು ಲೇಸು.

ಸಿಹಿ ಉಪ್ಪಿನಕಾಯಿಗೆ ಕೈಅಂದಾಜು ಏಕೆ ಸಲ್ಲದು

ನಮ್ಮ ಮನೆಗಳ ಮಾವಿನಕಾಯಿ, ನಿಂಬೆಕಾಯಿ ಉಪ್ಪಿನಕಾಯಿಗಳು ಕೈಅಂದಾಜಿನಲ್ಲಿಯೇ ವರ್ಷಗಟ್ಟಲೆ ಕೆಡದೆ ನಿಲ್ಲುತ್ತವೆ. ಅಲ್ಲಿ ಉಪ್ಪು ಧಾರಾಳ, ಕಾಯಿಗೇ ಹುಳಿ ಉಂಟು. ಸೌತೆಗೆ ಸ್ವಂತ ಹುಳಿ ಇಲ್ಲ. ಸಿಹಿ ಉಪ್ಪಿನಕಾಯಿಯಲ್ಲಿ ಉಪ್ಪೂ ಕಡಿಮೆ. ಆದ್ದರಿಂದ ಅದನ್ನು ಕಾಯುವ ಮುಖ್ಯ ಕಾವಲುಗಾರ ವಿನೆಗರ್ ಒಂದೇ. ಹುಳಿ ಸಾಲದೆ ಗಾಳಿಯಾಡದಂತೆ ಮುಚ್ಚಿಟ್ಟ ಬಾಟಲಿಯಲ್ಲಿ ಬೊಟುಲಿನಂ ಎಂಬ ಸೂಕ್ಷ್ಮಾಣು ಬೆಳೆದು ಮಾರಕವಾದ ವಿಷವನ್ನು ಉಂಟುಮಾಡಬಲ್ಲದು. ಆ ವಿಷ ನೋಟಕ್ಕಾಗಲಿ, ವಾಸನೆಗಾಗಲಿ ಗೊತ್ತಾಗಲೇಬೇಕೆಂದಿಲ್ಲ. ಹುಳಿಯ ಅಳತೆಯಾದ ಪಿ.ಎಚ್. 4.6ಕ್ಕಿಂತ ಕೆಳಗಿದ್ದರೆ ಅದು ಬೆಳೆಯುವುದಿಲ್ಲ.

ಇಲ್ಲಿ ನಮ್ಮ ರೈತರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ವಿದೇಶೀ ಪಾಕಪುಸ್ತಕಗಳ ಅಳತೆಗಳೆಲ್ಲ ಶೇಕಡಾ 5 ಆಮ್ಲವಿರುವ ವಿನೆಗರನ್ನು ಲೆಕ್ಕದಲ್ಲಿಟ್ಟು ಬರೆದವು. ನಮ್ಮ ದೇಶದ ಆಹಾರ ನಿಯಮಗಳಲ್ಲಿ ವಿನೆಗರಿಗೆ ಕನಿಷ್ಠ ಶೇಕಡಾ 3.75 ಅಸಿಟಿಕ್ ಆಮ್ಲವಿದ್ದರೆ ಸಾಕೆಂದಿದೆ. ಅಂಗಡಿಯಲ್ಲಿ ಶೇಕಡಾ 4ರ ಸೀಸೆ ಬಹಳ ಕಡೆ ಸಿಗುತ್ತದೆ. ಎರಡೂ ಬಿಳಿ, ಎರಡೂ ಹುಳಿ. ಚೀಟಿ ಓದದೆ ಹಾಕಿದರೆ ವ್ಯತ್ಯಾಸ ತಿಳಿಯದು. ಆದ್ದರಿಂದ ಕಪಾಟಿನಲ್ಲಿಟ್ಟು ತಿಂಗಳುಗಟ್ಟಲೆ ಬಳಸುವುದಾದರೆ ಚೀಟಿಯ ಮೇಲೆ ಶೇಕಡಾ 5 ಎಂದಿರುವ ವಿನೆಗರನ್ನೇ ಹುಡುಕಿ ತರತಕ್ಕದ್ದು. ಶೇಕಡಾ 4ರದು ಮಾತ್ರ ಸಿಕ್ಕಿದರೆ ಸ್ವಲ್ಪವೇ ಮಾಡಿ, ಫ್ರಿಜ್ಜಿನಲ್ಲಿಟ್ಟು, ಒಂದು ತಿಂಗಳೊಳಗೆ ಮುಗಿಸಿಬಿಡಬೇಕು.

ನಾವು ಮಾಡುವ ಕ್ರಮ

ಗಾತ್ರ ಮೀರಿದ ಕಾಯಿಗೆ ಹೊಂದುವುದು ಬಿಲ್ಲೆಗಳ ಉಪ್ಪಿನಕಾಯಿ. ಅದಕ್ಕೆ ಈರುಳ್ಳಿ ಜೊತೆಯಾಗುತ್ತದೆ. ಅಜ್ಜಂಪುರದ ಕಡೆಯ ಈರುಳ್ಳಿ ನಮಗೆ ಹತ್ತಿರವೇ ಇದೆ. ಬೇಕಾಗುವ ಸಾಮಗ್ರಿ ಹೀಗಿದೆ:

ತುದಿ ತೆಗೆದ ಸೌತೆ – 3 ಕಿಲೋ
ತೆಳ್ಳಗೆ ಹೆಚ್ಚಿದ ಈರುಳ್ಳಿ – 1.5 ಕಿಲೋ
ಸ್ವಚ್ಛವಾದ ಉಪ್ಪು – 160 ಗ್ರಾಂ
ಶೇಕಡಾ 5ರ ವಿನೆಗರ್ – 1.1 ಲೀಟರ್
ಸಕ್ಕರೆ – 1 ಕಿಲೋ
ಸಾಸಿವೆ – 25 ಗ್ರಾಂ
ಅರಿಶಿನದ ಪುಡಿ – 8 ಗ್ರಾಂ
ಸೋಂಪು – 1 ದೊಡ್ಡ ಚಮಚ

ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿ ಡಬ್ಬಿಗಳಲ್ಲಿ ಕುಡಿಯುವ ನೀರಿಟ್ಟು ಮಂಜುಗಡ್ಡೆ ಮಾಡಿಕೊಳ್ಳಬೇಕು. ಬೆಳಿಗ್ಗೆ ಕೊಯ್ದ ಕಾಯನ್ನು ತೊಳೆದು, ಹೂವಿನ ತುದಿ ತೆಗೆದು, 5 ಮಿಲಿಮೀಟರ್ ದಪ್ಪದ ಬಿಲ್ಲೆಗಳಾಗಿ ಹೆಚ್ಚಬೇಕು. ಸ್ಟೀಲಿನ ದೊಡ್ಡ ಪಾತ್ರೆಯಲ್ಲಿ ಸೌತೆ, ಈರುಳ್ಳಿ, ಉಪ್ಪು ಬೆರೆಸಿ, ಮೇಲೆ ಎರಡು ಅಂಗುಲ ಪುಡಿಮಾಡಿದ ಮಂಜುಗಡ್ಡೆ ಹರಡಿ 3–4 ಗಂಟೆ ಬಿಡಬೇಕು. ಗಡ್ಡೆ ಕರಗಿದರೆ ಮತ್ತೆ ಹಾಕಬೇಕು. ಉಪ್ಪು ಕಾಯಿಯ ಹೆಚ್ಚಿನ ನೀರನ್ನು ಹೊರಗೆಳೆಯುತ್ತದೆ, ತಂಪು ಗಟ್ಟಿತನವನ್ನು ಉಳಿಸುತ್ತದೆ. ಆಮೇಲೆ ನೀರನ್ನು ಪೂರ್ತಿ ಬಸಿಯಬೇಕು.

ಇನ್ನೊಂದು ಪಾತ್ರೆಯಲ್ಲಿ ವಿನೆಗರ್, ಸಕ್ಕರೆ ಮತ್ತು ಮಸಾಲೆಗಳನ್ನು 10 ನಿಮಿಷ ಕುದಿಸಿ, ಬಸಿದ ಬಿಲ್ಲೆಗಳನ್ನು ಹಾಕಿ, ನಿಧಾನವಾಗಿ ಮತ್ತೆ ಕುದಿ ಬರುವವರೆಗೆ ಕಾಯಿಸಬೇಕು. ಕುದಿ ಕಂಡೊಡನೆ ಇಳಿಸತಕ್ಕದ್ದು. ಬಿಸಿಯಿರುವಾಗಲೇ ತೊಳೆದು ಕಾಯಿಸಿದ ಗಾಜಿನ ಬಾಟಲಿಗಳಿಗೆ, ಮೇಲೆ ಅರ್ಧ ಅಂಗುಲ ಜಾಗ ಬಿಟ್ಟು, ಬಿಲ್ಲೆಗಳು ರಸದಲ್ಲಿ ಮುಳುಗುವಂತೆ ತುಂಬಿ, ಹೊಸ ಮುಚ್ಚಳ ಹಾಕಬೇಕು. ಆ ಬಾಟಲಿಗಳನ್ನು ನೀರಿನಲ್ಲಿ ಪೂರ್ತಿ ಮುಳುಗಿಸಿ ಕುದಿಯುವ ನೀರಿನಲ್ಲಿ 15 ನಿಮಿಷ ಇಡಬೇಕು. ಸಮುದ್ರ ತೀರದ ಊರುಗಳಲ್ಲಿ 10 ನಿಮಿಷ ಸಾಕು. 300 ಮೀಟರಿಗಿಂತ ಎತ್ತರದಲ್ಲಿರುವ ನಮ್ಮಂಥ ಊರುಗಳಲ್ಲಿ ನೀರು ಕಡಿಮೆ ಕಾವಿನಲ್ಲಿಯೇ ಕುದಿಯುವುದರಿಂದ 5 ನಿಮಿಷ ಹೆಚ್ಚು ಬೇಕು. ತಾಪಮಾಪಕ ಇರುವವರು ಕುದಿಸುವ ಬದಲು 82ರಿಂದ 85 ಡಿಗ್ರಿ ಕಾವಿನ ನೀರಿನಲ್ಲಿ ಪೂರ್ತಿ 30 ನಿಮಿಷ ಇಡಬಹುದು. ಹೀಗೆ ಮಾಡಿದರೆ ಗಟ್ಟಿತನ ಇನ್ನೂ ಚೆನ್ನಾಗಿ ಉಳಿಯುತ್ತದೆ. ಆದರೆ ಕಾವು 82ಕ್ಕಿಂತ ಕೆಳಗೆ ಇಳಿಯಕೂಡದು. ಕಣ್ಣಂದಾಜಿನಿಂದ ಇದನ್ನು ಮಾಡಲಾಗದು.

ಇಷ್ಟರಿಂದ ಅರ್ಧ ಲೀಟರಿನ ಸುಮಾರು 8 ಬಾಟಲಿ ಆಗುತ್ತದೆ. ನಾಲ್ಕೈದು ವಾರ ಬಿಟ್ಟು ತೆಗೆದರೆ ರುಚಿ ಹೊಂದಿರುತ್ತದೆ. ತೆರೆದ ಬಾಟಲಿಯನ್ನು ಫ್ರಿಜ್ಜಿನಲ್ಲಿಡಬೇಕು. ಸಿಹಿ ಹೆಚ್ಚೆನಿಸಿದರೆ ಸಕ್ಕರೆಯನ್ನು ಸ್ವಲ್ಪ ಕಡಿಮೆ ಮಾಡಬಹುದು. ವಿನೆಗರನ್ನು ಕಡಿಮೆ ಮಾಡಕೂಡದು, ಅದಕ್ಕೆ ನೀರು ಬೆರೆಸಲೂ ಕೂಡದು. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಗಳನ್ನು ವಿನೆಗರಿನ ಹತ್ತಿರ ತರಬಾರದು. ಕಬ್ಬಿಣದ ಅಂಶವಿರುವ ಕೊಳವೆ ಬಾವಿಯ ನೀರು ಉಪ್ಪಿನಕಾಯಿಯನ್ನು ಕಪ್ಪಾಗಿಸುವುದರಿಂದ ಮಂಜುಗಡ್ಡೆಗೆ ಊರಿನ ಶುದ್ಧ ನೀರಿನ ಘಟಕದ ನೀರು ಮೇಲು.

ಎಳೆ ಮಿಡಿಯನ್ನು ಇಡಿಯಾಗಿ ಸಿಹಿ ಮಾಡಬೇಕೆಂದು ಕೆಲವರಿಗೆ ಆಸೆಯಾಗಬಹುದು. ಇಡಿಯ ಕಾಯಿಗೆ ಒಮ್ಮೆಲೇ ಗಟ್ಟಿ ಸಕ್ಕರೆ ಪಾಕ ಸುರಿದರೆ ಒಳಗಿನ ನೀರೆಲ್ಲ ಹೊರಬಂದು ಕಾಯಿ ಸುಕ್ಕಾಗುತ್ತದೆ. ಅದಕ್ಕೆ ನಾಲ್ಕು ದಿನ ಕಂತು ಕಂತಾಗಿ ಸಕ್ಕರೆ ಏರಿಸುತ್ತ ಹೋಗುವ ಬೇರೆ ಕ್ರಮವಿದೆ. ಹೊಸಬರು ಬಿಲ್ಲೆಯಿಂದಲೇ ಆರಂಭಿಸುವುದು ಒಳ್ಳೆಯದು.

ಸುಣ್ಣದ ಮಾತು

ಅಡಿಕೆ ನಾಡಿನವರಾದ ನಮಗೆ ಸುಣ್ಣ ಕೈಗೆಟಕುವ ವಸ್ತು. ಸುಣ್ಣದ ತಿಳಿಯಲ್ಲಿ ನೆನೆಸಿದರೆ ಕಾಯಿ ಗಟ್ಟಿಯಾಗುತ್ತದೆಂದು ಹಲವರು ಹೇಳುತ್ತಾರೆ. ಮಾತು ಸುಳ್ಳಲ್ಲ. ಸುಣ್ಣದಲ್ಲಿರುವ ಕ್ಯಾಲ್ಸಿಯಂ ಪೆಕ್ಟಿನ್ನಿನೊಡನೆ ಸೇರಿ ಆ ಗಾರೆಯನ್ನು ಬಲಪಡಿಸುತ್ತದೆ. ಆದರೆ ಅದೇ ಸುಣ್ಣ ಹುಳಿಯ ಶತ್ರು. ಕಾಯಲ್ಲಿ ಸುಣ್ಣ ಉಳಿದರೆ ವಿನೆಗರಿನ ಹುಳಿಯನ್ನು ತಿಂದುಹಾಕುತ್ತದೆ, ಕಾವಲುಗಾರನನ್ನೇ ಮಲಗಿಸುತ್ತದೆ. ಬಳಸಲೇಬೇಕೆನ್ನುವವರು ತಿನ್ನುವ ಸುಣ್ಣವನ್ನೇ ಬಳಸಬೇಕು, ಗೋಡೆಯ ಸುಣ್ಣವನ್ನಲ್ಲ. 12ರಿಂದ 24 ಗಂಟೆ ನೆನೆಸಿದ ಮೇಲೆ ತೊಳೆದು, ಹೊಸ ನೀರಿನಲ್ಲಿ 1 ಗಂಟೆ ನೆನೆಸಿ ಬಸಿಯಬೇಕು. ಹೀಗೆ ಮೂರು ಸಲ ಆಗಲೇಬೇಕು.

ನನ್ನ ಅಭಿಪ್ರಾಯದಲ್ಲಿ ಬೆಳೆಗಾರನಿಗೆ ಇದು ಬೇಡ. ಹಳೆಯ ಕಾಯನ್ನು ಗಟ್ಟಿ ಮಾಡಲು ಹೊರಟವರಿಗೆ ಸುಣ್ಣ ಬೇಕು. ಎರಡು ಗಂಟೆಯ ಹಿಂದೆ ಬಳ್ಳಿಯಲ್ಲಿದ್ದ ಕಾಯಿಗೆ ಏಕೆ?

ಕೆಲವರ ಆಕ್ಷೇಪಣೆಗಳು

ನಮ್ಮ ಜನ ಸಿಹಿ ಉಪ್ಪಿನಕಾಯಿ ತಿನ್ನುತ್ತಾರೆಯೇ ಎಂದು ಕೇಳುವವರಿದ್ದಾರೆ. ಉತ್ತರ ಕರ್ನಾಟಕದ ಮಾವಿನಕಾಯಿ ಗುಳಂಬ, ನಮ್ಮ ಮನೆಗಳ ಬೆಲ್ಲ ಹಾಕಿದ ನಿಂಬೆಹಣ್ಣಿನ ಉಪ್ಪಿನಕಾಯಿ, ಹೆರಳೆಕಾಯಿಯ ಸಿಹಿ ಗೊಜ್ಜು ಇವೆಲ್ಲ ಮತ್ತೇನು? ಅಕ್ಕಿರೊಟ್ಟಿಗೆ, ಚಪಾತಿಗೆ, ಮೊಸರನ್ನಕ್ಕೆ ಇದು ಒಪ್ಪುತ್ತದೆ. ಖಾರ ತಿನ್ನಲಾರದ ಮಕ್ಕಳು ಮೊದಲು ಬಾಟಲಿ ಖಾಲಿ ಮಾಡುತ್ತಾರೆ.

ಎರಡನೆಯ ಆಕ್ಷೇಪಣೆ ಗಂಭೀರವಾದದ್ದು. ಮಿಡಿಸೌತೆಯಲ್ಲಿ ಕೊಯ್ಲು ದಿನ ಬಿಡದ ಕೆಲಸ. ಬೆಳಕು ಹರಿಯುವ ಮೊದಲೇ ಬಗ್ಗಿ ಕೊಯ್ಯುವವರಲ್ಲಿ ಹೆಂಗಸರೇ ಹೆಚ್ಚು. ಅವರ ಮೇಲೆ ಇನ್ನೊಂದು ಹೊರೆ ಹೊರಿಸಬೇಕೆ? ಹೊರಿಸಬಾರದು. ನಮ್ಮ ಮನೆಯಲ್ಲಿ ವಾರಕ್ಕೆ ಒಂದೇ ದಿನ, ಒಂದೇ ಸಲದ ಅಳತೆ ಮಾಡುತ್ತೇವೆ. ತೊಳೆಯುವುದು, ತುದಿ ತೆಗೆಯುವುದು, ಹೆಚ್ಚುವುದು ನನ್ನ ಮತ್ತು ಮಗನ ಪಾಲಿನ ಕೆಲಸ. ಉಪ್ಪಿನಕಾಯಿ ಹೆಂಗಸರ ಕೆಲಸವೆಂದು ಕಟ್ಟೆಯ ಮೇಲೆ ಕೂರುವ ಗಂಡಸರಿರುವ ಮನೆಯಲ್ಲಿ ಇದನ್ನು ಆರಂಭಿಸದಿರುವುದೇ ಒಳ್ಳೆಯದು.

ಮೂರನೆಯದು ಔಷಧಿಯ ವಿಚಾರ. ಈ ಬೆಳೆಗೆ ಕೀಟರೋಗಗಳ ಕಾಟವುಂಟು, ಸಿಂಪರಣೆಯೂ ಉಂಟು. ಸಿಂಪರಣೆಯಾದ ಮೇಲೆ ಇಷ್ಟು ದಿನ ಕೊಯ್ಯಬಾರದೆಂದು ಔಷಧಿಯ ಚೀಟಿಯಲ್ಲಿ ಹೇಳಿರುತ್ತದೆ. ತಿರಸ್ಕೃತ ಕಾಯಿಗೂ ಆ ನಿಯಮ ಒಂದೇ. ವಿನೆಗರ್ ಸಕ್ಕರೆಗಳು ಔಷಧಿಯ ಶೇಷವನ್ನು ತೊಡೆಯುತ್ತವೆಂದು ಯಾರೂ ಭಾವಿಸಕೂಡದು. ಆ ಕಾಯಿ ಮನೆಗೂ ಬೇಡ, ದನಕ್ಕೂ ಬೇಡ.

ಕೊನೆಯದಾಗಿ ಒಪ್ಪಂದದ ಮಾತು. ಬೀಜ, ಗೊಬ್ಬರಗಳನ್ನು ಸಾಲವಾಗಿ ಪಡೆದು ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ದರ್ಜೆಗೆ ಸಲ್ಲುವ ಕಾಯನ್ನು ಬೇರೆ ಕಡೆ ತಿರುಗಿಸುವುದು ಧರ್ಮವಲ್ಲ. ನಾನು ಹೇಳುತ್ತಿರುವುದು ಕೇಂದ್ರದವರು ಬೇಡವೆಂದು ಬದಿಗಿಟ್ಟ ಕಾಯಿಯ ಬಗ್ಗೆ ಮಾತ್ರ.

ಬೇಡವಾದ ಕಾಯಿಯೇ ಅನ್ನವಾದ ಕಥೆ

ಮೇಲೆ ಹೇಳಿದ ಬಿಲ್ಲೆಗಳ ಉಪ್ಪಿನಕಾಯಿಗೆ ಅಮೆರಿಕದಲ್ಲಿ "ಬ್ರೆಡ್ಡು ಬೆಣ್ಣೆಯ ಉಪ್ಪಿನಕಾಯಿ" ಎಂದು ಹೆಸರು. ಇಲಿನಾಯ್ ರಾಜ್ಯದಲ್ಲಿ ಓಮರ್ ಫ್ಯಾನಿಂಗ್ ಮತ್ತು ಕೋರಾ ಫ್ಯಾನಿಂಗ್ ಎಂಬ ಸೌತೆ ಬೆಳೆಗಾರ ದಂಪತಿಗಳಿದ್ದರು. ಕಷ್ಟದ ವರ್ಷಗಳಲ್ಲಿ ಗಾತ್ರಕ್ಕೆ ಬಾರದೆ ಉಳಿದ ಸಣ್ಣ ಕಾಯಿಂದ ಅವರು ಈ ಸಿಹಿ-ಹುಳಿ ಉಪ್ಪಿನಕಾಯಿ ಮಾಡಿ, ದಿನಸಿ ಅಂಗಡಿಗೆ ಕೊಟ್ಟು, ಬದಲಿಗೆ ಬ್ರೆಡ್ಡು ಬೆಣ್ಣೆ ಪಡೆದು ಸಂಸಾರ ನಡೆಸಿದರೆಂದು ಕಥೆ ಹೇಳುತ್ತಾರೆ. 1923ರಲ್ಲಿ ಅವರು ಆ ಹೆಸರನ್ನು ವ್ಯಾಪಾರ ಮುದ್ರೆಯಾಗಿ ನೋಂದಾಯಿಸಲು ಅರ್ಜಿ ಹಾಕಿದರು. ಅವರಿಗೆ ಕಾಯಿ ಸಣ್ಣದಾಗಿ ಬೇಡವಾಯಿತು, ನಮಗೆ ದಪ್ಪವಾಗಿ ಬೇಡವಾಗುತ್ತಿದೆ. ಆದರೆ ಆ ದಂಪತಿಗಳು ಬೇಡವಾದ ಕಾಯನ್ನು ತಿಪ್ಪೆಗೆ ಎಸೆಯಲಿಲ್ಲ.

ಇದರಿಂದ ನಾಳೆಯೇ ನಾವೆಲ್ಲ ಕಾರ್ಖಾನೆ ತೆರೆಯಬೇಕೆಂದು ನಾನು ಹೇಳುತ್ತಿಲ್ಲ. ಮೊದಲು ಮನೆಗೆ ಮಾಡಿರಿ, ನೆಂಟರಿಗೆ ಕೊಡಿರಿ, ಒಂದು ವರ್ಷ ಅಳತೆ ತಪ್ಪದೆ ಮಾಡಿ ಕೈ ಕುದುರಿಸಿಕೊಳ್ಳಿರಿ. ಮಾರುವ ಯೋಚನೆ ಬಂದಾಗ ಆಹಾರ ಸುರಕ್ಷತಾ ನೋಂದಣಿ ಮಾಡಿಸಿ, ಪ್ರತಿ ಸಲದ ಅಳತೆಯ ಪಿ.ಎಚ್. ಪರೀಕ್ಷೆ ಮಾಡಿಸಿಯೇ ಮಾರತಕ್ಕದ್ದು. ಮಹಿಳಾ ಸ್ವಸಹಾಯ ಸಂಘಗಳು ಒಟ್ಟಾಗಿ ಮಾಡಿದರೆ ಬಾಟಲಿ, ಮುಚ್ಚಳ, ವಿನೆಗರುಗಳನ್ನು ಸಗಟಾಗಿ ತರಬಹುದು. ಈ ಕೆಲಸದಲ್ಲಿ ಹೆಚ್ಚಿನ ಖರ್ಚು ಅವುಗಳದೇ ಹೊರತು ಕಾಯಿಯದಲ್ಲ. ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯವನ್ನು ನೋಡಲು ನಮ್ಮೂರಿಗೆ ದೂರದಿಂದ ಜನ ಬರುತ್ತಾರೆ. ಕಲ್ಲಿನ ಕೆಲಸವನ್ನು ಹೊಗಳಿ ಹಿಂದಿರುಗುವ ಅವರ ಕೈಗೆ ಈ ಮಣ್ಣಿನದೆಂದು ಒಂದು ಬಾಟಲಿ ಕೊಡುವಂತಾದರೆ ಸಂತೋಷವಲ್ಲವೇ?

ವಿಶ್ವವಿದ್ಯಾನಿಲಯದವರಲ್ಲಿ ನನ್ನದೊಂದು ವಿನಂತಿ. ಮಿಡಿಸೌತೆಯ ಬೇಸಾಯದ ಬಗ್ಗೆ ಕೊಡುವಷ್ಟೇ ಗಮನವನ್ನು ಅದರ ಮನೆಮಟ್ಟದ ಸಂಸ್ಕರಣೆಗೂ ಕೊಡಬೇಕು. ಪ್ರಾತ್ಯಕ್ಷಿಕೆಯನ್ನು ಸಭಾಂಗಣದಲ್ಲಲ್ಲ, ಕೊಯ್ಲಿನ ತಿಂಗಳಿನಲ್ಲಿ, ಬೆಳಿಗ್ಗೆ, ಹೊಲದ ಬದುವಿನಲ್ಲಿಯೇ ನಡೆಸಬೇಕು. ಏಕೆಂದರೆ ಈ ಉಪ್ಪಿನಕಾಯಿ ಆರಂಭವಾಗುವುದು ಅಲ್ಲಿ. ರೈತರು ತಂದ ಬಾಟಲಿಯ ಹುಳಿಯನ್ನು ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಅಳೆದು ಹೇಳುವ ವ್ಯವಸ್ಥೆ ಸುಲಭವಾಗಿ ದೊರೆಯುವಂತಾಗಬೇಕು.

ರೈತ ಬಾಂಧವರಲ್ಲಿಯೂ ಒಂದು ವಿನಂತಿ. ಮುಂದಿನ ಬೆಳೆಯಲ್ಲಿ ಒಂದು ದಿನ, ಕೇಂದ್ರದಿಂದ ವಾಪಸು ಬಂದ ಕಾಯಲ್ಲಿ ಮೂರೇ ಮೂರು ಕಿಲೋ ಆರಿಸಿ, ಅದೇ ಬೆಳಿಗ್ಗೆ ಮನೆಗೆ ತನ್ನಿರಿ. ಚಾಕುವನ್ನು ನೀವೇ ಹಿಡಿದು ಹೂವಿನ ತುದಿ ತೆಗೆಯಿರಿ. ತಿಂಗಳು ಕಳೆದು ಬಾಟಲಿ ತೆರೆದು ಒಂದು ಬಿಲ್ಲೆ ಕಡಿದು ನೋಡಿರಿ. ಅದು ಕರುಮ್ಮೆಂದರೆ ನಿಮ್ಮ ಬೆಳೆಯ ಗುಣ ಏನೆಂಬುದು ನಿಮಗೇ ತಿಳಿಯುತ್ತದೆ. ಆ ಮೇಲೆ ಸಂಗ್ರಹಣಾ ಕೇಂದ್ರದ ತಕ್ಕಡಿಯ ಮುಂದೆ ನಿಂತಾಗಲೂ ನೀವು ಸ್ವಲ್ಪ ನೆಟ್ಟಗೆ ನಿಲ್ಲುತ್ತೀರಿ.